ಏವ್‌ಬರಿ ಕಡೆ ಹೊರಟರೆ: ಯಾವ ಕಲ್ಲು, ಯಾವ ಚರ್ಚು, ಯಾವ ಪಬ್ಬು

ಇಂಗ್ಲೆಂಡಿನಲ್ಲಿ ಹಳೇ ಕಾಲದ ಕಲ್ಲು ನೋಡಬೇಕು ಅಂದರೆ ನಮ್ಮವರು ಮೊದಲು ಹೇಳುವ ಹೆಸರು ಸ್ಟೋನ್‌ಹೆಂಜ್. ಊರಿಂದ ಅಪ್ಪ ಅಮ್ಮ ಬಂದಾಗ ಸುತ್ತಾಡಿಸುವ ಪಟ್ಟಿಯಲ್ಲೂ ಅದು ಇದ್ದೇ ಇರುತ್ತದೆ. ಅಲ್ಲಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ಹೋದರೆ, ಅದೇ ವಿಲ್ಟ್‌ಶರ್‌ನಲ್ಲಿ, ಏವ್‌ಬರಿ ಅಂತ ಒಂದು ಹಳ್ಳಿ ಇದೆ. 1986ರಲ್ಲಿ ಯುನೆಸ್ಕೊ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹೆಸರು ಬಂದಿದ್ದು ಮಾತ್ರ ಒಂದಕ್ಕೇ.

ಒಂದೇ ದಿನ ಇದ್ದರೆ ಏವ್‌ಬರಿಗೆ ಹೋಗಿ ಅಂತ ನಾನು ಹೇಳುತ್ತೇನೆ. ಇಲ್ಲಿ ಒಂದು ದಿನಕ್ಕೆ ಹಿಡಿಸದಷ್ಟು ಇದೆ: ಕಲ್ಲಿನ ವೃತ್ತ, ಸಮಾಧಿ, ಗುಡ್ಡ, ಸಾವಿರ ವರ್ಷದ ಚರ್ಚುಗಳು, ಹುಲ್ಲು ಹೊದೆಸಿದ ಪಬ್‌ಗಳು. ಎಲ್ಲವನ್ನೂ ನೋಡಲು ಹೊರಟರೆ ಕಾರಿನಲ್ಲೇ ದಿನ ಮುಗಿಯುತ್ತದೆ. ಹಾಗಾಗಿ ಆರಿಸಿಕೊಳ್ಳಬೇಕು. ನನ್ನ ಲೆಕ್ಕ ಇಷ್ಟೇ: ಮುಟ್ಟಲು, ಒಳಗೆ ಕಾಲಿಡಲು, ಕೂತುಕೊಳ್ಳಲು ಬಿಡುವ ಜಾಗ ಮೊದಲು. ದೂರ ನಿಂತು ಫೋಟೊ ತೆಗೆದು ಬರುವ ಜಾಗ ಆಮೇಲೆ.

ಸ್ಟೋನ್‌ಹೆಂಜ್ ಮತ್ತು ಏವ್‌ಬರಿ

ಸ್ಟೋನ್‌ಹೆಂಜ್‌ನ ಕಲ್ಲುಗಾರಿಕೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕಲ್ಲನ್ನು ಕೆತ್ತಿ, ಕಂಬದ ಮೇಲೆ ತೊಲೆ ಕೂರಿಸಿ, ಮರಗೆಲಸದವರ ಹಾಗೆ ಗೂಟ ಮತ್ತು ಕುಳಿ ಮಾಡಿ ಜೋಡಿಸಿದ್ದಾರೆ. ಏವ್‌ಬರಿಯಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿಯದು ನೆಲದಲ್ಲಿ ಸಿಕ್ಕ ಹಾಗೇ ಎತ್ತಿ ನಿಲ್ಲಿಸಿದ ಒರಟು ಕಲ್ಲು. ಈ ಭಾಗದಲ್ಲಿ ಸಿಗುವ ಈ ಗಟ್ಟಿ ಮರಳುಗಲ್ಲಿಗೆ ಸಾರ್ಸನ್ ಅನ್ನುತ್ತಾರೆ.

ಆದರೆ ಸ್ಟೋನ್‌ಹೆಂಜ್‌ಗೆ ಟಿಕೆಟ್ ತಗೊಂಡು, ಬಸ್ಸಿನಲ್ಲಿ ಹೋಗಿ, ಸುತ್ತಲಿನ ದಾರಿಯಲ್ಲಿ ನಡೆದು ನೋಡಬೇಕು. ಕಲ್ಲುಗಳ ನಡುವೆ ಹೋಗಬೇಕಾದರೆ ಬೆಳಗ್ಗೆ ಬೇಗ ಅಥವಾ ಸಂಜೆಯ ವಿಶೇಷ ಟಿಕೆಟ್ ಬೇಕು. ಏವ್‌ಬರಿಯ ವೃತ್ತಕ್ಕೆ ಟಿಕೆಟ್ಟೇ ಇಲ್ಲ. ಗೇಟು ತಳ್ಳಿಕೊಂಡು ಒಳಗೆ ಹೋದರೆ ಆಯಿತು. ಕಲ್ಲಿಗೆ ಒರಗಿ ಕೂರಬಹುದು. ಪಕ್ಕದಲ್ಲಿ ಕುರಿ ಮೇಯುತ್ತಿರುತ್ತದೆ.

ಇನ್ನು ಅಳತೆ. ಏವ್‌ಬರಿಯ ಹೊರವೃತ್ತದ ಅಗಲ 330 ಮೀಟರ್ ದಾಟುತ್ತದೆ. ಜಗತ್ತಿನಲ್ಲೇ ಇಷ್ಟು ದೊಡ್ಡ ಕಲ್ಲಿನ ವೃತ್ತ ಇನ್ನೊಂದಿಲ್ಲ. ಮೊದಲು ಅದರಲ್ಲಿ ನೂರರ ಹತ್ತಿರ ಕಲ್ಲುಗಳಿದ್ದವು. ಅದರೊಳಗೆ ಇನ್ನೂ ಎರಡು ಚಿಕ್ಕ ವೃತ್ತಗಳಿದ್ದವು. ಸುತ್ತ ಕಂದಕ, ಕಂದಕದಾಚೆ ಮಣ್ಣಿನ ದಿಬ್ಬ. ಈ ಕಂದಕವನ್ನು ಜಿಂಕೆ ಕೊಂಬಿನ ಹಾರೆಯಲ್ಲಿ ಸುಣ್ಣಕಲ್ಲು ಕಡಿದು ತೋಡಿದ್ದಾರೆ. 1908ರಿಂದ 1922ರವರೆಗೆ ಅಗೆದು ನೋಡಿದಾಗ ಮೂಲದಲ್ಲಿ ಅದು ಒಂಬತ್ತು ಮೀಟರಿಗೂ ಆಳ ಇತ್ತು ಅಂತ ಗೊತ್ತಾಯಿತು. ಈಗ ಅರ್ಧಕ್ಕಿಂತ ಜಾಸ್ತಿ ಹೂಳು ತುಂಬಿದೆ. ಆದರೂ ದಿಬ್ಬದ ಮೇಲೆ ನಿಂತು ಕೆಳಗೆ ನೋಡಿದರೆ ಕಾಲು ಒಂದು ಹೆಜ್ಜೆ ಹಿಂದೆ ಬರುತ್ತದೆ. ಇದೆಲ್ಲ ಕ್ರಿ.ಪೂ. 2850 ಮತ್ತು 2200ರ ನಡುವಿನ ಕೆಲಸ.

ಈ ವೃತ್ತದ ಒಳಗೇ ಹಳ್ಳಿ ಬೆಳೆದಿದೆ. ವೃತ್ತದ ನಡುವೆ ರಸ್ತೆ ಹಾದುಹೋಗುತ್ತದೆ, ಪಬ್ಬು ಇದೆ, ಮನೆಗಳಿವೆ.

ಕಟ್ಟಿದವರ ಬುದ್ಧಿವಂತಿಕೆ ನೋಡಬೇಕು ಅನ್ನುವವರು ಸ್ಟೋನ್‌ಹೆಂಜ್ ಆರಿಸಿ. ಐದು ಸಾವಿರ ವರ್ಷ ಹಳೆಯ ಜಾಗದಲ್ಲಿ ಆರಾಮಾಗಿ ಅರ್ಧ ದಿನ ಇರಬೇಕು ಅನ್ನುವವರು ಏವ್‌ಬರಿಗೆ ಬನ್ನಿ. ಮಕ್ಕಳಿದ್ದರಂತೂ ಯೋಚನೆಯೇ ಬೇಡ, ಏವ್‌ಬರಿಯೇ ಸರಿ.

ವೃತ್ತದಲ್ಲಿ ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು

ರಸ್ತೆಗಳು ವೃತ್ತವನ್ನು ನಾಲ್ಕು ಭಾಗ ಮಾಡಿವೆ. ನಾಲ್ಕನ್ನೂ ಸುತ್ತಲು ಪುರುಸೊತ್ತಿಲ್ಲದವರು ದಕ್ಷಿಣದ ಎರಡು ಭಾಗಕ್ಕೆ ಹೋಗಿ. ದಕ್ಷಿಣದ ಬಾಗಿಲ ಹತ್ತಿರದ ದೊಡ್ಡ ಕಲ್ಲಿನಲ್ಲಿ ಕುರ್ಚಿಯಂಥ ತಗ್ಗು ತಾನಾಗಿಯೇ ಆಗಿದೆ. ಅದಕ್ಕೆ ಸೈತಾನನ ಕುರ್ಚಿ ಅನ್ನುತ್ತಾರೆ. ಮಕ್ಕಳು ಸಾಲುಗಟ್ಟಿ ಅದರಲ್ಲಿ ಕೂರುತ್ತಾರೆ. ಉತ್ತರದ ಬಾಗಿಲಲ್ಲಿ ಸ್ವಿಂಡನ್ ಸ್ಟೋನ್ ಇದೆ. ಅದರ ತೂಕ 60 ಟನ್ ದಾಟುತ್ತದೆ ಅಂತ ಅಂದಾಜು. ನಿಲ್ಲಿಸಿದ ದಿನದಿಂದ ಬೀಳದೆ ನಿಂತಿರುವ ಕೆಲವೇ ಕಲ್ಲುಗಳಲ್ಲಿ ಅದೂ ಒಂದು.

ಉಳಿದವು ಏನಾದವು? ಮಧ್ಯಯುಗದಲ್ಲಿ ಹಳ್ಳಿಯವರೇ ಹಲವು ಕಲ್ಲುಗಳನ್ನು ಗುಂಡಿ ತೋಡಿ ಹೂತರು. 1700ರ ಸುಮಾರಿಗೆ ಒಡೆಯಲು ಶುರುಮಾಡಿದರು. ಕಲ್ಲನ್ನು ಉರುಳಿಸಿ, ಅಡಿಯಲ್ಲಿ ಹುಲ್ಲು ಹಾಕಿ ಬೆಂಕಿ ಕೊಟ್ಟು, ಕಾದ ಮೇಲೆ ತಣ್ಣೀರು ಹೊಯ್ದು ಸುತ್ತಿಗೆಯಲ್ಲಿ ಹೊಡೆಯುವುದು. ಆ ಚೂರುಗಳು ಊರಿನ ಮನೆಗಳ ಗೋಡೆಯಲ್ಲಿವೆ, ನಡೆಯುವಾಗ ಗಮನಿಸಿ ನೋಡಿ. ವಿಲಿಯಂ ಸ್ಟ್ಯೂಕ್ಲಿ ಎಂಬ ವೈದ್ಯ 1719ರಿಂದ ಹಲವು ವರ್ಷ ಇಲ್ಲಿಗೆ ಬಂದು, ಕಣ್ಣೆದುರೇ ಹಾಳಾಗುತ್ತಿದ್ದ ಕಲ್ಲುಗಳನ್ನು ಒಂದೊಂದಾಗಿ ಚಿತ್ರ ಬರೆದು ಇಟ್ಟರು. ಆ ಚಿತ್ರಗಳು ಇಲ್ಲದಿದ್ದರೆ ಎಷ್ಟು ಕಳೆದುಕೊಂಡೆವು ಅನ್ನುವುದೂ ನಮಗೆ ಗೊತ್ತಾಗುತ್ತಿರಲಿಲ್ಲ.

1930ರ ದಶಕದಲ್ಲಿ ಬಂದವರು ಅಲೆಕ್ಸಾಂಡರ್ ಕೀಲರ್. ಹಳೇ ಕಾಲದ ಜಾಗಗಳನ್ನು ಅಗೆದು ನೋಡುವ ಹವ್ಯಾಸ ಅವರದು. ಅವರ ಮನೆತನದ ದುಡ್ಡು ಬಂದಿದ್ದು ಡಂಡೀ ಊರಿನ ಮಾರ್ಮಲೇಡ್ (ಕಿತ್ತಳೆ ಜಾಮ್) ವ್ಯಾಪಾರದಿಂದ. ಅವರು ಊರಿನ ಬಹುಪಾಲು ಜಾಗ ಕೊಂಡು, ಹೂತಿದ್ದ ಕಲ್ಲುಗಳನ್ನು ಅಗೆಸಿ ತೆಗೆದು ಮತ್ತೆ ನಿಲ್ಲಿಸಿದರು. ಕಲ್ಲು ಸಿಗದ ಕಡೆ ಗುರುತಿಗೆ ಸಿಮೆಂಟಿನ ಮೋಟು ಕಂಬ ನೆಡಿಸಿದರು. ವೃತ್ತದೊಳಗಿನ ಕೆಲವು ಮನೆಗಳನ್ನು ಕೆಡವಿದ್ದೂ ಉಂಟು. ಆ ಮನೆಯವರು ಆಚೆಗೆ ಹೋಗಬೇಕಾಯಿತು. ನಾವು ಇವತ್ತು ಸಂತೋಷದಿಂದ ಸುತ್ತಾಡುವ ಹುಲ್ಲುಗಾವಲಿಗೆ ಅವರೂ ಬೆಲೆ ತೆತ್ತಿದ್ದಾರೆ.

1938ರಲ್ಲಿ ಹೀಗೆ ಒಂದು ಕಲ್ಲು ಎತ್ತುವಾಗ ಅಡಿಯಲ್ಲಿ ಮನುಷ್ಯನ ಎಲುಬು ಸಿಕ್ಕಿತು. ಜೊತೆಗೆ 1320ರ ಆಸುಪಾಸಿನ ನಾಣ್ಯಗಳು, ಒಂದು ಕತ್ತರಿ, ಗಾಯ ಪರೀಕ್ಷಿಸುವಂಥ ಒಂದು ಕಬ್ಬಿಣದ ಕಡ್ಡಿ. ಕ್ಷೌರವನ್ನೂ ವೈದ್ಯವನ್ನೂ ಮಾಡುತ್ತಿದ್ದವನು ಇರಬೇಕು ಅಂತ ಆ ಕಲ್ಲಿಗೆ ಬಾರ್ಬರ್ ಸ್ಟೋನ್ ಅಂತಲೇ ಹೆಸರಾಯಿತು. ಕಲ್ಲು ಮೈಮೇಲೆ ಬಿದ್ದು ಸತ್ತ ಅಂತ ಮೊದಲು ತಿಳಿದಿದ್ದರು; ಆಮೇಲೆ ಎಲುಬು ಪರೀಕ್ಷೆ ಮಾಡಿದವರು ಅದನ್ನು ಒಪ್ಪಲಿಲ್ಲ.

ಪೂರ್ವದ ದಿಬ್ಬದ ಮೇಲೆ ಬೀಚ್ ಮರಗಳಿವೆ. ಬೇರುಗಳೆಲ್ಲ ನೆಲದ ಮೇಲೇ ಹೆಣೆದುಕೊಂಡಿವೆ, ಕೊಂಬೆಗಳಿಗೆ ಜನ ಬಣ್ಣಬಣ್ಣದ ರಿಬ್ಬನ್ ಕಟ್ಟಿ ಹೋಗುತ್ತಾರೆ. ಹರಕೆಯ ಮರ ಕಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೇ ಜಾಗ ಇಲ್ಲಿ ಇಲ್ಲ.

ಸಿಲ್‌ಬರಿ ಗುಡ್ಡವೋ, ಉದ್ದ ಸಮಾಧಿಯೋ

ಏವ್‌ಬರಿಯಿಂದ ದಕ್ಷಿಣಕ್ಕೆ ಎರಡು ಕಿ.ಮೀ. ಒಳಗೆ ಎರಡು ಜಾಗ ಎದುರುಬದುರು ಇವೆ. ಹೊತ್ತು ಕಮ್ಮಿ ಇದ್ದವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಸಿಲ್‌ಬರಿ ಹಿಲ್ ದೂರದಿಂದಲೇ ಕಾಣುತ್ತದೆ, ಬೋಗುಣಿ ಕವುಚಿಟ್ಟ ಹಾಗೆ. ಎತ್ತರ ಸುಮಾರು 30 ಮೀಟರ್. ಇದು ತಾನಾಗಿ ಎದ್ದ ಗುಡ್ಡ ಅಲ್ಲ, ಕ್ರಿ.ಪೂ. 2400ರ ಸುಮಾರಿಗೆ ಜನ ಸುಣ್ಣಕಲ್ಲು ಮತ್ತು ಮಣ್ಣು ಹೊತ್ತು ಹಾಕಿ ಎಬ್ಬಿಸಿದ್ದು. ಹಳೆಯ ಕಾಲದ ಇಷ್ಟು ದೊಡ್ಡ ದಿಬ್ಬ ಯೂರೋಪಿನಲ್ಲಿ ಬೇರೆ ಇಲ್ಲ. ಒಳಗೆ ಬಂಗಾರದ ಕುದುರೆ ಮೇಲೆ ಕೂತ ಸಿಲ್ ಎಂಬ ರಾಜ ಇದ್ದಾನೆ ಅಂತ ಕಥೆ ಇತ್ತು. ನಿಧಿ ಆಸೆಗೆ ಒಂದಷ್ಟು, ತಿಳಿಯುವ ಆಸೆಗೆ ಒಂದಷ್ಟು, 1776ರಲ್ಲಿ ಮೇಲಿನಿಂದ ಬಾವಿ ತೋಡಿದರು, 1849ರಲ್ಲಿ ಪಕ್ಕದಿಂದ ಸುರಂಗ ಕೊರೆದರು, 1968ರಲ್ಲಿ ಮತ್ತೊಮ್ಮೆ. ರಾಜನೂ ಇಲ್ಲ, ಸಮಾಧಿಯೂ ಇಲ್ಲ. ಯಾಕೆ ಕಟ್ಟಿದರು ಅನ್ನುವುದು ಇವತ್ತಿಗೂ ಬಗೆಹರಿದಿಲ್ಲ. ಹೀಗೆ ಕೊರೆದ ತಪ್ಪಿಗೆ 2000ದಲ್ಲಿ ಗುಡ್ಡದ ನೆತ್ತಿ ಕುಸಿದು ದೊಡ್ಡ ಗುಂಡಿ ಬಿತ್ತು. 2007–08ರಲ್ಲಿ ಒಳಗಿನ ಪೊಳ್ಳುಗಳಿಗೆಲ್ಲ ಸುಣ್ಣಕಲ್ಲು ತುಂಬಿ ಮುಚ್ಚಿದರು. ಈಗ ಹತ್ತಲು ಬಿಡುವುದಿಲ್ಲ. ಯಾರೋ ಹತ್ತಿದ್ದು ಕಂಡರೂ ನೀವು ಹತ್ತಬೇಡಿ.

ಅಂದಮೇಲೆ ಸಿಲ್‌ಬರಿ ನೋಡಲು ಹದಿನೈದು ನಿಮಿಷ ಸಾಕು. ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋ, ಅಂದರೆ ಉದ್ದ ಸಮಾಧಿ, ಬೇರೆಯೇ. ಎ4 ರಸ್ತೆ ಬದಿಯ ಸಣ್ಣ ಜಾಗದಲ್ಲಿ ಕಾರು ನಿಲ್ಲಿಸಿ, ಕೆನೆಟ್ ಹೊಳೆ ದಾಟಿ, ಹೊಲದ ಅಂಚಿನಲ್ಲಿ ಕಾಲು ಗಂಟೆ ಏರಬೇಕು. ಚಳಿಗಾಲದಲ್ಲಿ ಕೆಸರು ಜಾಸ್ತಿ, ಒಳ್ಳೇ ಬೂಟು ಬೇಕು. ಮೇಲೆ ಸುಮಾರು 100 ಮೀಟರ್ ಉದ್ದದ ದಿಬ್ಬ, ಅದರ ಪೂರ್ವದ ತುದಿಗೆ ಆಳೆತ್ತರ ಮೀರಿದ ಕಲ್ಲುಗಳ ಅಡ್ಡ. ಕಟ್ಟಿದ್ದು ಕ್ರಿ.ಪೂ. 3650ರ ಸುಮಾರಿಗೆ. ಏವ್‌ಬರಿಯ ಕಲ್ಲು ನಿಲ್ಲಿಸಿದವರಿಗೇ ಇದು ತಾತ ಮುತ್ತಾತರ ಕಾಲದ್ದು.

ಅಡ್ಡಗಲ್ಲನ್ನು ಬಳಸಿ ಒಳಗೆ ಹೋಗಬಹುದು. ನಡುವೆ ಓಣಿ, ಎಡಕ್ಕೆ ಎರಡು, ಬಲಕ್ಕೆ ಎರಡು, ಕೊನೆಗೆ ಒಂದು, ಒಟ್ಟು ಐದು ಗೂಡು. ಒಳಗೆ ನೆಟ್ಟಗೆ ನಿಲ್ಲಲು ಬರುತ್ತದೆ. 36 ಜನರ ಎಲುಬುಗಳು ಇಲ್ಲಿ ಸಿಕ್ಕಿದವು. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಇದ್ದರು. ಅಷ್ಟೂ ಜನರನ್ನು ಒಂದೇ ತಲೆಮಾರಿನ ಒಳಗೆ ಇಟ್ಟಿದ್ದಾರೆ ಅಂತ ಕಾಲ ಲೆಕ್ಕ ಹಾಕಿದವರು ಹೇಳುತ್ತಾರೆ. ಆಮೇಲೂ ಸಾವಿರಕ್ಕೂ ಹೆಚ್ಚು ವರ್ಷ ಜನ ಇಲ್ಲಿಗೆ ಬಂದು ಹೋಗುತ್ತಿದ್ದರು. ಕೊನೆಗೆ ಮಣ್ಣು ತುಂಬಿ, ಬಾಗಿಲಿಗೆ ದೊಡ್ಡ ಕಲ್ಲು ಅಡ್ಡ ಇಟ್ಟು ಮುಚ್ಚಿದರು.

ಮೊಬೈಲ್ ಟಾರ್ಚ್ ಹಾಕಿ ಗೋಡೆ ನೋಡಿ. ಒಂದು ಕಲ್ಲು ಒಂದು ಕಡೆ ಕೈಯಾಡಿಸಿದರೆ ಜಾರುವಷ್ಟು ನುಣುಪಾಗಿದೆ. ಕಲ್ಲಿನ ಕೊಡಲಿ ಉಜ್ಜಿ ಉಜ್ಜಿ ಹರಿತ ಮಾಡಿದ ಗುರುತು ಅದು. ಬಳ್ಳಾರಿ ಹತ್ತಿರದ ಸಂಗನಕಲ್ಲು ಬೆಟ್ಟದಲ್ಲಿ ಇಂಥದೇ ಉಜ್ಜಿದ ತಗ್ಗುಗಳು ಬಂಡೆಗಳ ಮೇಲಿವೆ. ಅದೂ ಕಲ್ಲಿನ ಕೊಡಲಿಯ ಕಾಲದ ಜನರದೇ. ಒಬ್ಬರಿಗೊಬ್ಬರು ಇದ್ದಾರೆಂದೇ ಗೊತ್ತಿಲ್ಲದ ಎರಡು ಕಡೆಯ ಜನ ಒಂದೇ ರೀತಿ ಕೈ ಆಡಿಸಿದ್ದಾರೆ ಅಂತ ನೆನೆದರೆ ನನಗೆ ಮೈ ಜುಂ ಅನ್ನುತ್ತದೆ.

ಒಳಗೆ ಕೆಲವರು ಹೂವು, ಮೋಂಬತ್ತಿ ಇಟ್ಟು ಹೋಗಿರುತ್ತಾರೆ. ನೀವು ದೀಪ ಹಚ್ಚಬೇಡಿ, ಕುಂಕುಮವನ್ನೂ ಹಚ್ಚಬೇಡಿ. ಬೆಂಕಿಯ ಕಾವಿಗೆ ಕಲ್ಲು ಸೀಳುತ್ತದೆ, ಮಸಿ ಹೋಗುವುದಿಲ್ಲ.

ನನ್ನ ಆಯ್ಕೆ ಉದ್ದ ಸಮಾಧಿ. ಅಲ್ಲಿಗೆ ಏರುವಾಗ ಹಿಂದಿರುಗಿ ನೋಡಿದರೆ ಸಿಲ್‌ಬರಿ ಪೂರ್ತಿ ಕಾಣುತ್ತದೆ, ಹಾಗಾಗಿ ಅದಕ್ಕೇ ಬೇರೆ ಹೊತ್ತು ತೆಗೆದಿಡಬೇಕಿಲ್ಲ. ಮಂಡಿ ನೋವಿರುವವರು ಮಾತ್ರ ಏರುವುದು ಬಿಟ್ಟು ಸಿಲ್‌ಬರಿಯನ್ನು ಕೆಳಗಿನಿಂದಲೇ ನೋಡಿ, ವೆಸ್ಟ್ ಕೆನೆಟ್ ಅವೆನ್ಯೂ ಕಡೆ ಹೋಗಲಿ. ಜೋಡಿ ಕಲ್ಲುಗಳ ಈ ಸಾಲುದಾರಿ ಹಿಂದೆ ಸುಮಾರು ಎರಡೂವರೆ ಕಿ.ಮೀ. ಇತ್ತು. ಏವ್‌ಬರಿ ಕಡೆಯ ಭಾಗದಲ್ಲಿ ಕಲ್ಲುಗಳು ಚೆನ್ನಾಗಿ ಉಳಿದಿವೆ, ನೆಲ ಹೆಚ್ಚು ಏರಿಳಿತ ಇಲ್ಲ. ಅವೆನ್ಯೂವಿನ ಆಚೆ ತುದಿಯ ಸ್ಯಾಂಕ್ಚುರಿಯಲ್ಲಿ ಈಗ ಉಳಿದಿರುವುದು ಸಿಮೆಂಟಿನ ಗುರುತುಗಳು ಮಾತ್ರ. ಅದನ್ನು ಬಿಟ್ಟರೂ ನಡೆಯುತ್ತದೆ.

ಹಳ್ಳಿಯ ಮ್ಯೂಸಿಯಂಗೆ ಟಿಕೆಟ್ ಇದೆ. ಹತ್ತಿರದ ವಿಂಡ್‌ಮಿಲ್ ಹಿಲ್ ಗುಡ್ಡದಲ್ಲಿ ಸಿಕ್ಕ ಪುಟ್ಟ ಮಗುವಿನ ಅಸ್ಥಿಪಂಜರ ಅಲ್ಲಿದೆ. ಅದನ್ನು ಮತ್ತೆ ಮಣ್ಣು ಮಾಡಬೇಕು ಅಂತ ಪ್ರಕೃತಿಯನ್ನು ಪೂಜಿಸುವ ಡ್ರೂಯಿಡ್ ಪಂಥದವರು 2006ರಲ್ಲಿ ಕೇಳಿಕೊಂಡಿದ್ದರು. ಮ್ಯೂಸಿಯಂನಲ್ಲೇ ಇರಲಿ ಅಂತ 2010ರಲ್ಲಿ ತೀರ್ಮಾನ ಆಯಿತು. ಸಣ್ಣ ಮಕ್ಕಳ ಜೊತೆ ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೂರು ಕಡೆಯ ಚರ್ಚುಗಳು

ಇಲ್ಲಿಯ ಹಳ್ಳಿ ಚರ್ಚುಗಳು ನೋಡಲು ಬೀಗ ಹಾಕಿದ ಹಾಗೆ ಕಾಣುತ್ತವೆ. ಕಬ್ಬಿಣದ ದೊಡ್ಡ ಬಳೆ ಇರುತ್ತದೆ. ಅದನ್ನು ತಿರುಗಿಸಿ ಭುಜ ಕೊಟ್ಟು ತಳ್ಳಿದರೆ ಬಾಗಿಲು ತೆರೆಯುತ್ತದೆ. ಒಳಗೆ ಯಾರೂ ಇರುವುದಿಲ್ಲ. ಹೊರಗೆ ಬರುವಾಗ ಬಾಗಿಲು ಹಾಕಿಕೊಂಡು ಬನ್ನಿ, ಹಕ್ಕಿಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಚಪ್ಪಲಿ ಬಿಡಬೇಕಿಲ್ಲ, ಆದರೆ ಕೆಸರಿನ ಬೂಟನ್ನು ಮುಖಮಂಟಪದಲ್ಲೇ ಬಿಡುವುದು ಮರ್ಯಾದೆ. ಹುಂಡಿಗೆ ಎರಡು ಪೌಂಡ್ ಹಾಕಿ. ಇಂಥ ಎಷ್ಟೋ ಚರ್ಚುಗಳ ಸೂರು ರಿಪೇರಿ ಆಗುವುದು ಬಂದವರು ಕೊಡುವ ದುಡ್ಡಿನಿಂದಲೇ.

ಏವ್‌ಬರಿಯದೇ ಸೇಂಟ್ ಜೇಮ್ಸ್ ಚರ್ಚು ಕಂದಕದ ಸ್ವಲ್ಪ ಆಚೆ ಇದೆ. ಅದರ ಮೂಲ ಗೋಡೆಗಳು ಸಾವಿರ ವರ್ಷದ ಹಿಂದಿನ ಸ್ಯಾಕ್ಸನ್ ಕಾಲದವು. ಎರಡನ್ನು ಇಲ್ಲಿ ತಪ್ಪದೆ ನೋಡಬೇಕು. ಒಂದು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿ. ಕೈಯಲ್ಲಿ ದಂಡ ಹಿಡಿದ ಬಿಷಪ್, ಎರಡು ಬದಿಗೆ ಹಾವಿನಂಥ ಡ್ರ್ಯಾಗನ್‌ಗಳು. ಕೆತ್ತಿದ ಕೈ ಅಷ್ಟೇನೂ ಪಳಗಿದ್ದಲ್ಲ, ಆದರೆ ಜೀವ ಇದೆ. ಎರಡನೆಯದು ಮರದ ಅಟ್ಟ. 1400ರ ದಶಕದ್ದು. ಶಿಲುಬೆಯ ಮೂರ್ತಿ ನಿಲ್ಲಿಸುತ್ತಿದ್ದ ಇಂಥ ಅಟ್ಟಗಳನ್ನು ಧರ್ಮ ಸುಧಾರಣೆಯ ಕಾಲದಲ್ಲಿ, ಅಂದರೆ 1500ರ ದಶಕದಲ್ಲಿ, ದೇಶದ ತುಂಬ ಕಿತ್ತುಹಾಕಿದರು. ಇಲ್ಲಿ ಮಾತ್ರ ಅದನ್ನು ಗಾರೆ ಗೋಡೆಯ ಹಿಂದೆ ಮುಚ್ಚಿಟ್ಟಿದ್ದರು. 1810ರಲ್ಲಿ ಅದು ಮತ್ತೆ ಸಿಕ್ಕಿತು. ಹೆಚ್ಚುಕಮ್ಮಿ 250 ವರ್ಷ ಅಲ್ಲಿ ಅದು ಇದೆ ಅಂತಲೇ ಊರು ಮರೆತಿತ್ತು.

ಆಲ್ಟನ್ ಬಾರ್ನ್ಸ್ ಮತ್ತು ಆಲ್ಟನ್ ಪ್ರಯರ್ಸ್ ಅಂತ ಎರಡು ಪುಟ್ಟ ಊರುಗಳು ದಕ್ಷಿಣದ ಕಣಿವೆಯಲ್ಲಿವೆ. ಕಾರಿನಲ್ಲಿ ಇಪ್ಪತ್ತು ನಿಮಿಷ. ಎರಡಕ್ಕೂ ಒಂದೊಂದು ಚರ್ಚು, ನಡುವೆ ಒಂದು ಹೊಲ. ಆಲ್ಟನ್ ಬಾರ್ನ್ಸ್‌ನದು ಸ್ಯಾಕ್ಸನ್ ಕಾಲದ್ದು, ಒಂದು ಸಣ್ಣ ಕೋಣೆಯಷ್ಟೇ. ಹೊಲ ದಾಟಿ ಆಲ್ಟನ್ ಪ್ರಯರ್ಸ್‌ಗೆ ನಡೆದು ಹೋಗಿ. ಅಲ್ಲಿ ಈಗ ವಾರದ ಪೂಜೆ ಇಲ್ಲ, ಹಳೇ ಚರ್ಚುಗಳನ್ನು ಕಾಪಾಡುವ ಟ್ರಸ್ಟ್ ಒಂದು ನೋಡಿಕೊಳ್ಳುತ್ತದೆ. ಒಳಗೆ ಹೆಚ್ಚು ಸಾಮಾನಿಲ್ಲ, ಬೆಳಕು ತುಂಬಾ ಇದೆ. ನೆಲದ ಹಲಗೆಯಲ್ಲಿ ಒಂದು ಸಣ್ಣ ಮುಚ್ಚಳ ಇದೆ, ಬಗ್ಗಿ ಎತ್ತಿ. ಅಡಿಯಲ್ಲಿ ಸಾರ್ಸನ್ ಕಲ್ಲು! ಚರ್ಚು ಬರುವ ಮೊದಲೇ ಇದು ಪೂಜೆಯ ಜಾಗವಾಗಿತ್ತು ಅಂತ ನಂಬುವವರಿಗೆ ಇದೇ ಆಧಾರ. ಹೊರಗೆ ಅಂಗಳದಲ್ಲಿ ಒಂದು ಯೂ ಮರ ಇದೆ. ಅದಕ್ಕೆ 1,700 ವರ್ಷ ಅನ್ನುತ್ತಾರೆ. ಕಾಂಡ ಸೀಳಿ ಪೊಳ್ಳಾಗಿದೆ, ಆದರೂ ಪ್ರತಿ ವರ್ಷ ಚಿಗುರುತ್ತದೆ.

ಮೂರನೆಯದು ಬಿಷಪ್ಸ್ ಕ್ಯಾನಿಂಗ್ಸ್‌ನ ಸೇಂಟ್ ಮೇರಿ. ಹಳ್ಳಿಗೆ ಮೀರಿದ ದೊಡ್ಡ ಕಟ್ಟಡ, ಎತ್ತರದ ಗೋಪುರ. ಈ ಊರು ಸಾಲ್ಸ್‌ಬರಿಯ ಬಿಷಪ್‌ಗಳ ಜಹಗೀರು ಆಗಿದ್ದರಿಂದ ಇಷ್ಟು ವೈಭವ. ಒಳಗೆ ಧ್ಯಾನಕ್ಕೆ ಕೂರುವ ಹಳೇ ಮರದ ಪೀಠ ಇದೆ. ಅದರ ಬೆನ್ನ ಹಲಗೆಯ ಮೇಲೆ ಒಂದು ದೊಡ್ಡ ಹಸ್ತದ ಚಿತ್ರ ಬರೆದು, ಬೆರಳು ಬೆರಳಿಗೂ ಸಾವು, ಪಾಪದ ಬಗ್ಗೆ ಲ್ಯಾಟಿನ್ ಮಾತು ಬರೆದಿದ್ದಾರೆ. ಕೂತವನು ಅದನ್ನು ಓದಿ ತನ್ನ ಬಗ್ಗೆ ಯೋಚಿಸಬೇಕು ಅಂತ.

ಕಟ್ಟಡ ಕಲೆ ಇಷ್ಟ ಇದ್ದವರಿಗೆ ಬಿಷಪ್ಸ್ ಕ್ಯಾನಿಂಗ್ಸ್ ಸರಿ. ನಡೆದು ಹೋಗುವಷ್ಟು ಹತ್ತಿರ ಇರಬೇಕು ಅಂದರೆ ಸೇಂಟ್ ಜೇಮ್ಸ್. ಒಂದೇ ನೋಡುತ್ತೇನೆ, ಮನಸ್ಸಲ್ಲಿ ಉಳಿಯಬೇಕು ಅನ್ನುವವರಿಗೆ ನಾನು ಆಲ್ಟನ್ ಪ್ರಯರ್ಸ್ ಅಂತಲೇ ಹೇಳುವುದು. ಭಾನುವಾರ ಬೆಳಗ್ಗೆ ಪೂಜೆ ನಡೆಯುವ ಚರ್ಚಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ. ಕ್ಯಾಮೆರಾ ಮಾತ್ರ ಆಗ ಬೇಡ.

ಪಬ್‌ಗಳು

ಪಬ್ ಅಂದ ಕೂಡಲೇ ಊರಿಂದ ಬಂದ ಅಮ್ಮನ ಮುಖ ಗಂಟಾಗುತ್ತದೆ. ಅದನ್ನು ಮೊದಲು ಬಿಡಿಸಿ ಹೇಳಿಬಿಡಿ. ಇಂಗ್ಲೆಂಡಿನ ಹಳ್ಳಿಯ ಪಬ್ಬಿಗೂ ನಮ್ಮೂರಿನ ಬಾರಿಗೂ ಸಂಬಂಧ ಇಲ್ಲ. ಮಧ್ಯಾಹ್ನ ಹೋದರೆ ಅಜ್ಜಿ, ಮೊಮ್ಮಗ, ನಾಯಿ ಎಲ್ಲ ಒಂದೇ ಮೇಜಿನ ಸುತ್ತ ಇರುತ್ತಾರೆ. ಕುಡಿಯಲೇಬೇಕು ಅಂತ ಇಲ್ಲ. ಲೈಮ್ ಸೋಡಾ, ಕಾಫಿ ತಗೊಂಡು ಗಂಟೆಗಟ್ಟಲೆ ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಬಹಳಷ್ಟು ಕಡೆ ಮೇಜಿನ ಹತ್ತಿರ ಯಾರೂ ಬಂದು ಕೇಳುವುದಿಲ್ಲ. ಮೇಜಿನ ನಂಬರ್ ನೋಡಿಕೊಂಡು, ನೀವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು ಬರಬೇಕು. ಇನ್ನೊಂದು ಮುಖ್ಯ ವಿಷಯ: ಎಷ್ಟೋ ಹಳ್ಳಿ ಪಬ್‌ಗಳಲ್ಲಿ ಎರಡು, ಎರಡೂವರೆಗೆ ಅಡುಗೆಮನೆ ಮುಚ್ಚಿ ಸಂಜೆ ಆರಕ್ಕೆ ತೆರೆಯುತ್ತಾರೆ. ಮೂರು ಗಂಟೆಗೆ ಹಸಿದು ಹೋದರೆ ಚಿಪ್ಸ್ ಪ್ಯಾಕೆಟ್ಟೇ ಗತಿ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.

ಸಸ್ಯಾಹಾರಿಗಳು ಮೂರು ಪ್ರಶ್ನೆ ಕೇಳಬೇಕು. ಆಲೂಗಡ್ಡೆ ಕರಿಯುವ ಎಣ್ಣೆಯಲ್ಲೇ ಮೀನೂ ಕರಿಯುತ್ತೀರಾ? ಗ್ರೇವಿ ಮಾಂಸದ್ದಾ? ಸೂಪಿನ ನೀರು ಯಾವುದರದು? ಅವರು ಬೇಸರ ಮಾಡಿಕೊಳ್ಳುವುದಿಲ್ಲ, ಇದ್ದದ್ದನ್ನು ಹೇಳುತ್ತಾರೆ. ಇಡೀ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ, ಚೀಸ್, ಬೀನ್ಸ್ ಹಾಕಿ ಕೊಡುವ ಜ್ಯಾಕೆಟ್ ಪೊಟೇಟೊ ಇದ್ದರೆ ಚಿಂತೆಯೇ ಇಲ್ಲ.

ಏವ್‌ಬರಿಯ ರೆಡ್ ಲಯನ್ ಕಲ್ಲಿನ ವೃತ್ತದ ಒಳಗೇ ಇದೆ. ಹುಲ್ಲಿನ ಸೂರು, ಕಪ್ಪು ಬಿಳಿ ಗೋಡೆ. ಒಳಗೆ ಹಳೇ ಬಾವಿ ಇದೆ, ಮೇಲೆ ಗಾಜು ಹಾಕಿದ್ದಾರೆ. ಗಂಡ ಯುದ್ಧಕ್ಕೆ ಹೋದಾಗ ಬೇರೊಬ್ಬನ ಜೊತೆ ಸಿಕ್ಕಿಬಿದ್ದ ಫ್ಲೋರಿ ಎಂಬ ಹೆಂಗಸನ್ನು ಕೊಂದು ಇದೇ ಬಾವಿಗೆ ಹಾಕಿದರು, ಅವಳ ದೆವ್ವ ಇನ್ನೂ ಓಡಾಡುತ್ತದೆ ಅಂತ ಕಥೆ. ಹೊರಗಿನ ಬೆಂಚಿನಲ್ಲಿ ಕೂತರೆ ಕಲ್ಲುಗಳು ಎದುರಿಗೇ. ಜಾಗದ ಮಟ್ಟಿಗೆ ಇದಕ್ಕೆ ಸಾಟಿ ಇಲ್ಲ. ಆದರೆ ಶನಿವಾರ ಭಾನುವಾರ ಮಧ್ಯಾಹ್ನ ಜನ ತುಂಬಿರುತ್ತಾರೆ. ಅದಕ್ಕೆ ಊಟಕ್ಕಿಂತ ಸಂಜೆ ಒಂದು ಲೋಟ ಏನಾದರೂ ಕುಡಿದು ಏಳಲು ಇದು ಚೆನ್ನ.

ಬೆಕ್‌ಹ್ಯಾಂಪ್ಟನ್‌ನ ವ್ಯಾಗನ್ ಅಂಡ್ ಹಾರ್ಸಸ್ ಎರಡು ಕಿ.ಮೀ. ದೂರ. ಲಂಡನ್ನಿಂದ ಬಾತ್‌ಗೆ ಹೋಗುವ ಕುದುರೆ ಗಾಡಿಗಳು ನಿಲ್ಲುತ್ತಿದ್ದ ತಂಗುದಾಣ ಇದು. ದಪ್ಪ ಕಲ್ಲಿನ ಗೋಡೆ, ಹುಲ್ಲಿನ ಸೂರು. ಏವ್‌ಬರಿಯಿಂದ ಹೊಲದ ದಾರಿಯಲ್ಲಿ ನಡೆದು ಹೋದರೆ ಆಡಂ ಮತ್ತು ಈವ್ ಅಂತ ಕರೆಯುವ ಎರಡು ಒಂಟಿ ಕಲ್ಲುಗಳೂ ಸಿಗುತ್ತವೆ. ಅಲ್ಲೂ ಹಿಂದೆ ಒಂದು ಕಲ್ಲಿನ ಸಾಲುದಾರಿ ಇತ್ತು ಅಂತ 1999ರಲ್ಲಿ ಅಗೆದಾಗ ಖಾತ್ರಿಯಾಯಿತು. ಚಳಿಯ ದಿನ, ನಡೆದು ದಣಿದು ಊಟಕ್ಕೆ ಕೂರುವುದಾದರೆ ನನ್ನ ಓಟು ಇದಕ್ಕೇ.

ಹನಿಸ್ಟ್ರೀಟ್‌ನ ಬಾರ್ಜ್ ಇನ್ ಇರುವುದು ಕೆನೆಟ್ ಅಂಡ್ ಏವನ್ ಕಾಲುವೆ ದಂಡೆಯಲ್ಲಿ, ಆಲ್ಟನ್ ಚರ್ಚುಗಳ ಹತ್ತಿರ. ಕಾಲುವೆ ಪೂರ್ತಿಯಾಗಿದ್ದು 1810ರಲ್ಲಿ. ಈಗ ಅದರ ಮೇಲೆ ಉದ್ದನೆಯ ಮನೆದೋಣಿಗಳು ಸಾಗುತ್ತವೆ. ಈ ಪಬ್ಬು ಹೆಸರಾದದ್ದು ಗೋಧಿ ಹೊಲದ ಚಿತ್ತಾರಗಳಿಂದ. 1990ರ ಬೇಸಿಗೆಯಲ್ಲಿ ಆಲ್ಟನ್ ಬಾರ್ನ್ಸ್‌ನ ಹೊಲದಲ್ಲಿ ರಾತ್ರೋರಾತ್ರಿ ದೊಡ್ಡ ಚಿತ್ತಾರ ಮೂಡಿ, ನೋಡಲು ಜನ ದಂಡುಗಟ್ಟಿ ಬಂದರು. ಮರುವರ್ಷ ಸೌತಾಂಪ್ಟನ್‌ನ ಇಬ್ಬರು, ಹಲಗೆ ಮತ್ತು ಹಗ್ಗ ಹಿಡಿದು ಇಂಥವನ್ನು ಮಾಡುವ ಕೆಲಸ ಶುರುಮಾಡಿದ್ದು ನಾವೇ ಅಂತ ಒಪ್ಪಿಕೊಂಡರು. ಆದರೂ ನಂಬಿಕೆ ಇರುವವರು ಇವತ್ತಿಗೂ ಇಲ್ಲಿ ಸೇರುತ್ತಾರೆ. ಒಂದು ಕೋಣೆಯ ಸೂರಿನ ತುಂಬ ಇದೇ ಚಿತ್ರಗಳಿವೆ. ಬೇಸಿಗೆ ಸಂಜೆ, ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗೆ ಇದು ಸೊಗಸು. ಹೊಲದಲ್ಲಿ ಚಿತ್ತಾರ ಕಂಡರೆ ಒಳಗೆ ನುಗ್ಗಬೇಡಿ, ಅದು ರೈತರ ಬೆಳೆ.

ಬಿಯರ್ ಕುಡಿಯುವವರಿಗೆ ಒಂದು ಮಾತು. ಕೈಪಂಪಿನಿಂದ ಎಳೆದು ಕೊಡುವ ಏಲ್ ಕೇಳಿ. ಅದು ಐಸಿನ ಹಾಗೆ ತಣ್ಣಗಿರುವುದಿಲ್ಲ, ನೊರೆಯೂ ಕಮ್ಮಿ. ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಡಿವೈಜಸ್ ಊರಿನಲ್ಲಿ 1875ರಿಂದ ಇರುವ ವಾಡ್‌ವರ್ತ್‌ನವರ ಸಿಕ್ಸ್ ಎಕ್ಸ್ ಈ ಸೀಮೆಯ ಏಲ್. ಅರ್ಧ ಪೈಂಟ್ ಕೇಳಿದರೂ ಕೊಡುತ್ತಾರೆ. ಗಾಡಿ ಓಡಿಸುವವರು ಮುಟ್ಟದಿರುವುದೇ ಒಳ್ಳೆಯದು, ಇಲ್ಲಿಯ ರಸ್ತೆಗಳು ಕಿರಿದು, ತಿರುವು ಜಾಸ್ತಿ.

ಮಳೆ ಬಂದರೆ ಲೇಕಾಕ್

ಏವ್‌ಬರಿಯಲ್ಲಿ ಮಳೆ ಹಿಡಿದರೆ ತಲೆ ಮರೆಸಲು ಜಾಗ ಕಮ್ಮಿ. ಬೆಳಗ್ಗೆಯೇ ಮೋಡ ದಟ್ಟವಾಗಿದ್ದರೆ, ಅಥವಾ ಜೊತೆಗೆ ಜಾಸ್ತಿ ನಡೆಯಲಾಗದ ಹಿರಿಯರಿದ್ದರೆ, ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ ದೂರದ ಲೇಕಾಕ್‌ಗೆ ಹೋಗಿ. ದಾರಿಯಲ್ಲಿ ಚೆರಿಲ್ ಗುಡ್ಡದ ಮೇಲೆ 1780ರಲ್ಲಿ ಹುಲ್ಲು ಕೆತ್ತಿ ಮಾಡಿದ ಬಿಳಿ ಕುದುರೆ ಕಾರಿನಿಂದಲೇ ಕಾಣುತ್ತದೆ.

ಲೇಕಾಕ್ ಹಳ್ಳಿಯ ಹೆಚ್ಚಿನ ಮನೆಗಳು 1944ರಿಂದ ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನವು. ಬೀದಿಯಲ್ಲಿ ವೈರು, ಆಂಟೆನಾ ಏನೂ ಕಾಣುವುದಿಲ್ಲ. ಅಲ್ಲಿಯ ಅಬ್ಬೆ (Abbey) ಅನ್ನುವ ಮಠವನ್ನು 1200ರ ದಶಕದಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಈಲಾ ಸನ್ಯಾಸಿನಿಯರಿಗಾಗಿ ಕಟ್ಟಿಸಿದರು. 1835ರ ಆಗಸ್ಟ್‌ನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಅಷ್ಟೊತ್ತಿಗೆ ಮನೆಯಾಗಿದ್ದ ಆ ಮಠದ ಒಂದು ಕಿಟಕಿಯ ಚಿತ್ರವನ್ನು ಪುಟ್ಟ ಕಾಗದದ ಮೇಲೆ ಹಿಡಿದರು. ಉಳಿದು ಬಂದಿರುವ ಫೋಟೊ ನೆಗೆಟಿವ್‌ಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಆ ಕಿಟಕಿ ಹಾಗೇ ಇದೆ. ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯದವರು ಯಾರೂ ಇರಲಾರರು.

ಊರಿನ ಸೇಂಟ್ ಸಿರಿಯಾಕ್ ಚರ್ಚಿನಲ್ಲಿ 1400ರ ದಶಕದ ಬೆಳ್ಳಿಯ ಬಟ್ಟಲೊಂದು ಇತ್ತು. ಮೊದಲು ಅದು ಯಾರೋ ಶ್ರೀಮಂತರ ಮನೆಯ ಪಾನದ ಬಟ್ಟಲು, ಆಮೇಲೆ ಚರ್ಚಿನ ಪವಿತ್ರ ಪಾತ್ರೆ ಆಯಿತು. 2013ರಲ್ಲಿ ಅದನ್ನು ಬ್ರಿಟಿಷ್ ಮ್ಯೂಸಿಯಂ ಮತ್ತು ಡಿವೈಜಸ್‌ನ ವಿಲ್ಟ್‌ಶರ್ ಮ್ಯೂಸಿಯಂ ಸೇರಿ ಕೊಂಡವು. ಮಾರಿದ್ದು ಊರಿನವರಲ್ಲಿ ಹಲವರಿಗೆ ನೋವಾಗಿತ್ತು. ಆ ನೋವು ನನಗೆ ಅರ್ಥವಾಗುತ್ತದೆ. ಊಟಕ್ಕೆ ಜಾರ್ಜ್ ಇನ್‌ಗೆ ಹೋದರೆ ಒಲೆಯ ಪಕ್ಕ ಮೇಲೆ 'ನಾಯಿಚಕ್ರ' ಇದೆ. ಸಣ್ಣ ನಾಯಿಯನ್ನು ಅದರೊಳಗೆ ನಡೆಸಿ, ಬೆಂಕಿಯ ಮುಂದಿನ ಮಾಂಸದ ಸರಳು ತಿರುಗಿಸುತ್ತಿದ್ದರು. ಆ ನಾಯಿಗಳ ಪಾಡು ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಚೆಂದದ ಬೀದಿ, ತಲೆಮೇಲೆ ಸೂರು, ಹತ್ತಿರದಲ್ಲೇ ಎಲ್ಲ ಬೇಕು ಅಂದರೆ ಲೇಕಾಕ್ ಗೆಲ್ಲುತ್ತದೆ. ಬಿಸಿಲಿದ್ದರೆ ಮಾತ್ರ ನಾನು ಏವ್‌ಬರಿ ಬಿಟ್ಟು ಅಲ್ಲಿಗೆ ಹೋಗುವುದಿಲ್ಲ.

ಹೋಗುವುದು ಹೇಗೆ, ಯಾವಾಗ

ಕಾರಿಲ್ಲದವರು ಲಂಡನ್ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಸ್ವಿಂಡನ್ ತಲುಪಬಹುದು. ಅಲ್ಲಿಂದ ಡಿವೈಜಸ್ ಕಡೆಗೆ ಹೋಗುವ 49ನೇ ನಂಬರ್ ಬಸ್ಸು ಏವ್‌ಬರಿಯಲ್ಲಿ ನಿಲ್ಲುತ್ತದೆ. ಬಸ್ಸಿನಲ್ಲಿ ಬಂದವರು ಆಲ್ಟನ್ ಆಸೆ ಬಿಟ್ಟು ವೃತ್ತ, ಸೇಂಟ್ ಜೇಮ್ಸ್, ಉದ್ದ ಸಮಾಧಿ, ರೆಡ್ ಲಯನ್ ಇಷ್ಟು ಮಾಡಿ. ಎಲ್ಲವೂ ಕಾಲುನಡಿಗೆಯಲ್ಲೇ ಆಗುತ್ತದೆ. ಕಾರಿನವರು ಊರ ಹೊರಗಿನ ನ್ಯಾಷನಲ್ ಟ್ರಸ್ಟ್ ಪಾರ್ಕಿಂಗ್‌ನಲ್ಲಿ ದುಡ್ಡು ಕೊಟ್ಟು ನಿಲ್ಲಿಸಬೇಕು. ಊರೊಳಗಿನ ಬೀದಿಯಲ್ಲಿ ನಿಲ್ಲಿಸಿ ಅಲ್ಲಿಯವರಿಗೆ ತೊಂದರೆ ಕೊಡಬೇಡಿ.

ಜೂನ್ 21ರ ಆಸುಪಾಸಿನಲ್ಲಿ ವರ್ಷದ ಅತಿ ಉದ್ದದ ಹಗಲಿನ ಸೂರ್ಯನ ಹಬ್ಬಕ್ಕೆ ಜನ ಸೇರುತ್ತಾರೆ, ಪಾರ್ಕಿಂಗ್ ಸಿಗುವುದು ಕಷ್ಟ. ಆ ಗದ್ದಲವೇ ಬೇಕು ಅನ್ನುವವರು ಆಗ ಹೋಗಿ. ಉಳಿದವರಿಗೆ ಮೇ ಅಥವಾ ಸೆಪ್ಟೆಂಬರ್‌ನ ಕೆಲಸದ ದಿನ ಒಳ್ಳೆಯದು. ಬೆಳಗ್ಗೆ ಹತ್ತರೊಳಗೆ ತಲುಪಿದರೆ ಮೊದಲು ಉದ್ದ ಸಮಾಧಿಗೆ ಹೋಗಿಬಿಡಿ, ಹನ್ನೊಂದರ ಮೇಲೆ ಆ ಸಣ್ಣ ಪಾರ್ಕಿಂಗ್ ಜಾಗ ತುಂಬಿಹೋಗುತ್ತದೆ.